ಕೈಯಕ್ಕನ ಬಲಗೈ

ಆ ನಿಲ್ದಾಣಕ್ಕೆ ಎರಡು ದೇಶಗಳ ಹಳಿಗಳು ಬಂದು ಮುಟ್ಟುತ್ತವೆ, ಆದರೆ ಒಂದಾಗುವುದಿಲ್ಲ. ಆಚೆ ಕಡೆಯ ಹಳಿಗಳ ನಡುವಿನ ಅಂತರ ಈಚೆಯದಕ್ಕಿಂತ ನಾಲ್ಕು ಬೆರಳಿನಷ್ಟು ಹೆಚ್ಚು. ಎಷ್ಟೋ ತಲೆಮಾರುಗಳ ಹಿಂದೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೇಳದೆ ಅಳತೆ ಗೊತ್ತುಮಾಡಿಕೊಂಡದ್ದರ ಫಲ ಅದು. ಸರಕು ತುಂಬಿದ ರೈಲು ಗಡಿಯವರೆಗೆ ಜೋರಾಗಿ ಬಂದು ಅಲ್ಲಿ ನಿಂತುಬಿಡಬೇಕು. ಮುಂದೆ ಹೋಗಲು ಎರಡೇ ದಾರಿ. ಒಂದೋ, ಒಳಗಿನ ಸರಕನ್ನೆಲ್ಲ ಇಳಿಸಿ ಬೇರೆ ರೈಲಿಗೆ ಹೇರಬೇಕು. ಇಲ್ಲವೇ ಸರಕನ್ನು ಮುಟ್ಟದೆ ವ್ಯಾಗನ್ನನ್ನೇ ಮೇಲೆತ್ತಿ, ಅದರ ಕೆಳಗಿನ ಗಾಲಿಗಳನ್ನು ಬದಲಿಸಬೇಕು.

ಈ ಎರಡನೆಯ ಕೆಲಸಕ್ಕಾಗಿ ನಿಲ್ದಾಣದ ಪಕ್ಕದಲ್ಲಿ ಉದ್ದನೆಯ ತಗಡಿನ ಶೆಡ್ ಇದೆ. ಕಾಗದಪತ್ರಗಳಲ್ಲಿ ಅದಕ್ಕೆ ಏನೋ ಉದ್ದದ ಹೆಸರು. ಅಲ್ಲಿ ದುಡಿಯುವವರ ಬಾಯಲ್ಲಿ ಮಾತ್ರ ಅದು ಚಪ್ಪಲಿ ಶೆಡ್. "ಆಚೆ ಮನೆಗೆ ಹೋಗೋರು ಈಚೆ ಚಪ್ಪಲಿ ಬಾಗಿಲಲ್ಲೇ ಬಿಡ್ಬೇಕು, ಅಷ್ಟೇ" ಎಂದು ಹೊಸಬರಿಗೆ ವಿವರಿಸುತ್ತಾರೆ. ಹಾಲಿನ ಪುಡಿ, ಕಿಟಕಿ ಗಾಜು, ನೀರೆತ್ತುವ ಪಂಪು, ಕುರ್ಚಿಗಳು, ಕಾಗದದ ಸುರುಳಿ, ಯಾವ ದೇಶದಿಂದ ಯಾವ ದೇಶಕ್ಕೆ ಹೊರಟದ್ದಾದರೂ ಆ ಶೆಡ್ಡಿನಲ್ಲಿ ಚಪ್ಪಲಿ ಬದಲಿಸಿಕೊಂಡೇ ಮುಂದೆ ಹೋಗಬೇಕು.

ಕೈಯಕ್ಕ ಅಲ್ಲಿ ಸನ್ನೆ ಕೊಡುವವಳು.

ವ್ಯಾಗನ್ನಿನ ನಾಲ್ಕು ಮೂಲೆಗೆ ನಾಲ್ಕು ಜಾಕಿಗಳು. ಒಂದೊಂದೂ ಮೋಟಾರಿನಿಂದ ತಿರುಗುವ, ಆಳೆತ್ತರದ ತಿರುಪು ಕಂಬ. ಒಂದೊಂದರ ಮುಂದೂ ಒಬ್ಬೊಬ್ಬರು ನಿಂತು, ಸೊಂಟದ ಮಟ್ಟದ ಹಿಡಿಕೆಯನ್ನು ಮೇಲೆ ತಳ್ಳಿದರೆ ಆ ಮೂಲೆ ಏರುತ್ತದೆ, ಕೆಳಗೆ ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಾಲ್ಕೂ ಮೂಲೆ ಒಂದೇ ಹದದಲ್ಲಿ ಏರಬೇಕು. ಒಂದು ಹಿಂದುಳಿದರೆ ವ್ಯಾಗನ್ ವಾಲುತ್ತದೆ, ಒಳಗಿನ ಸರಕು ಜಾರುತ್ತದೆ, ಜಾರಿದ ಸರಕು ವ್ಯಾಗನ್ನನ್ನು ಇನ್ನಷ್ಟು ವಾಲಿಸುತ್ತದೆ. ಮೋಟಾರುಗಳ ಗದ್ದಲದಲ್ಲಿ ಪಕ್ಕದವರ ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಒಮ್ಮೆ ಕಿವಿಗೆ ಹಾಕಿಕೊಳ್ಳುವ ರೇಡಿಯೊ ತರಿಸಿ ನೋಡಿದ್ದರು. ಅದರಲ್ಲಿ ಎಲ್ಲರಿಗೂ ಎಲ್ಲರ ಮೋಟಾರೂ ಕೇಳಿಸಿತು, ಮಾತು ಮಾತ್ರ ಕೇಳಿಸಲಿಲ್ಲ. ಆದ್ದರಿಂದ ಅಲ್ಲಿ ಕೈಗಳೇ ಬಾಯಿ. ಹಳಿಯ ತುದಿಯಲ್ಲಿ, ಸೇತುವೆಯ ಹಾಗೆ ಅಡ್ಡಲಾಗಿ ಕಟ್ಟಿದ ಎತ್ತರದ ಕಟ್ಟೆಯ ಮೇಲೆ ಒಬ್ಬರು ನಿಲ್ಲುತ್ತಾರೆ. ಬಲಗೈ ಏನು ಮಾಡಬೇಕೆಂದು ಹೇಳುತ್ತದೆ, ಎಡಗೈಯ ಬೆರಳುಗಳು ಯಾವ ಜಾಕಿಗೆಂದು ಹೇಳುತ್ತವೆ. ಬಲಗೈ ತಲೆಯ ಮೇಲಕ್ಕೆ ನೆಟ್ಟಗೆ ಹೋಗಿ ಅಂಗೈ ತಿರುಗಿದರೆ ಎತ್ತು. ಪಕ್ಕಕ್ಕೆ ಚಾಚಿ ಅಂಗೈ ಕೆಳಗಾದರೆ ಇಳಿಸು. ಮೊಣಕೈ ಮಡಿಸಿ ಮುಷ್ಟಿ ಎದೆಯ ಮುಂದೆ ಬಂದರೆ ತಡಿ. ಇವನ್ನು ಕೊಡುವ ಹಕ್ಕು ಕಟ್ಟೆಯ ಮೇಲಿನವರಿಗೆ ಮಾತ್ರ. ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡ ಹಾಕಿ ಎಲ್ಲವನ್ನೂ ನಿಲ್ಲಿಸುವ ಸನ್ನೆಯನ್ನು ಮಾತ್ರ ಶೆಡ್ಡಿನಲ್ಲಿರುವ ಯಾರು ಬೇಕಾದರೂ ಕೊಡಬಹುದು. ಕಾಫಿ ಲೋಟ ತೊಳೆಯುವವರು ಕೊಟ್ಟರೂ ನಿಲ್ಲಿಸಲೇಬೇಕು.

ಕೈಯಕ್ಕನ ತಂಡದಲ್ಲಿ ಮೊದಲ ಜಾಕಿ ಉದ್ದಪ್ಪನದು. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವ ಅಭ್ಯಾಸದಿಂದ ಬಯಲಲ್ಲೂ ಕೊಂಚ ಬಗ್ಗಿಯೇ ನಡೆಯುವ ಮನುಷ್ಯ, ಗೊಣಗುವುದರಲ್ಲಿ ಎತ್ತಿದ ಕೈ. ಎರಡನೆಯದು ಮಾವನದು. ಯಾರಿಗೆ ಮಾವನೆಂದು ಯಾರಿಗೂ ನೆನಪಿಲ್ಲ, ಎಲ್ಲರಿಗೂ ಮಾವನೇ. ನಾಲ್ಕನೆಯದರಲ್ಲಿ ಉದ್ದಪ್ಪನ ಭಾವಮೈದುನ. ಏನೋ ಹಳೆಯ ಮನಸ್ತಾಪ, ಭಾವನಿಗೂ ಭಾವಮೈದುನನಿಗೂ ಮಾತಿಲ್ಲ. "ಇವ್ರಿಗೆ ಇದಕ್ಕಿಂತ ಒಳ್ಳೆ ಕೆಲ್ಸ ಸಿಗಲ್ಲ ಬಿಡಿ, ಇಲ್ಲಿ ಮಾತೇ ಬೇಕಾಗಿಲ್ಲ" ಎನ್ನುತ್ತಿದ್ದ ಮಾವ. ಮೂರನೆಯ ಜಾಕಿಯವನು ಹಲ್ಲು ಕೀಳಿಸಿಕೊಂಡು, ಅದು ಕೀವಾಗಿ, ಮುಖ ಊದಿಸಿಕೊಂಡು ಮನೆಯಲ್ಲಿದ್ದ.

ಇವರೆಲ್ಲ ಎಷ್ಟೋ ವರ್ಷಗಳಿಂದ ಕೈಯಕ್ಕನ ಕೈ ನೋಡಿಕೊಂಡೇ ದುಡಿದವರು. ನೋಡುವವರಿಗೆ ಅದೊಂದು ಸೊಗಸು. ವ್ಯಾಗನ್ ಕಟ್ಟೆಯ ಮುಂದೆ ಬಂದು ನಿಲ್ಲುತ್ತಿತ್ತು, ಬ್ರೇಕಿನ ಸಲಾಕೆಗಳನ್ನು ಬಿಚ್ಚುವವರು ಬಿಚ್ಚಿ ಸರಿಯುತ್ತಿದ್ದರು, ಅಕ್ಕನ ಕೈ ಆಡುತ್ತಿತ್ತು, ಅಷ್ಟು ಭಾರದ ಡಬ್ಬಿ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಅಲುಗದೆ ಏರುತ್ತಿತ್ತು. ಕೆಳಗಿನಿಂದ ಈಚೆಯ ಗಾಲಿ ಚೌಕಟ್ಟುಗಳನ್ನು ಸರಪಳಿಯಿಂದ ಎಳೆದು, ಆಚೆಯವನ್ನು ದೂಡುತ್ತಿದ್ದರು. ಆಮೇಲೆ ಇಳಿಸುವುದು. ಚೌಕಟ್ಟಿನ ನಟ್ಟನಡುವೆ ಒಂದು ದಪ್ಪ ಕಬ್ಬಿಣದ ಗೂಟವಿರುತ್ತದೆ, ವ್ಯಾಗನ್ನಿನ ಹೊಟ್ಟೆಯಲ್ಲಿ ಅದಕ್ಕೊಂದು ಕುಳಿ. ಗೂಟ ಕುಳಿಯೊಳಗೆ ಕೂರುವಾಗ ಒಂದು ಸದ್ದಾಗುತ್ತದೆ, ಹಳೆಯ ಬೀಗ ಸರಿಯಾದ ಕೀಲಿಗೆ ಒಪ್ಪಿಕೊಂಡಂಥ ಸದ್ದು. ಅದನ್ನು ಕೇಳಿದ ಮೇಲೆ ಕೈಯಕ್ಕ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಳ್ಳುತ್ತಿದ್ದಳು. ಅದು ಗೋಡೆಯ ಮೇಲಿನ ಸನ್ನೆಪಟದಲ್ಲಿ ಇಲ್ಲದ ಸನ್ನೆ. ಮುಗಿಯಿತು ಎಂದರ್ಥ.

ಕಟ್ಟೆ ಹತ್ತಿದವರು ಬೇರೆ ಕೆಲಸಕ್ಕೆ ಮನಸ್ಸು ಮಾಡುವುದು ಕಡಿಮೆ. ಅವಳಂತೂ ಬೇರೆ ಕೆಲಸವನ್ನು ಯೋಚಿಸಿದವಳೇ ಅಲ್ಲ. ಆದರೆ ಕಳೆದ ಕೆಲವು ತಿಂಗಳಿಂದ ಅವಳ ಬಲ ಹೆಗಲಿನಲ್ಲಿ ಒಂದು ಬಿಗಿ. ಮೊದಲು ಬರಿಯ ನೋವಿತ್ತು, ಆಮೇಲೆ ನೋವು ಕಡಿಮೆಯಾಗಿ ತೋಳೇ ಒಂದು ಹಂತಕ್ಕಿಂತ ಮೇಲೆ ಹೋಗದಾಯಿತು. ಒಳಗೆ ಯಾರೋ ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಡಾಕ್ಟರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಕೀಲಿನ ಸುತ್ತ ಇರೋ ಚೀಲ ಬಿಗಿದುಕೊಂಡಿದೆ. ದಿನಾ ವ್ಯಾಯಾಮ ಮಾಡಿ, ನಿಧಾನಕ್ಕೆ ಸಡಿಲ ಆಗತ್ತೆ. ವರ್ಷ ಹಿಡೀಬಹುದು, ಜಾಸ್ತಿನೂ ಹಿಡೀಬಹುದು. ಅವಸರ ಮಾಡಿದ್ರೆ ಆಗಲ್ಲ" ಎಂದಿದ್ದರು. ಅವಳು ಅವಸರ ಮಾಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಶೆಡ್ಡಿನಲ್ಲಿ ಹೇಳಿದರೆ ಕಟ್ಟೆಯಿಂದ ಇಳಿಸುತ್ತಾರೆ, ಇಳಿದ ಮೇಲೆ ಮತ್ತೆ ಹತ್ತುವುದು ಯಾವ ಕಾಲಕ್ಕೋ. ಕೆಲಸವಂತೂ ಚೆನ್ನಾಗಿಯೇ ಸಾಗುತ್ತಿತ್ತು. ಒಂದು ವ್ಯಾಗನ್ ವಾಲಿರಲಿಲ್ಲ, ಒಂದು ಗೂಟ ತಪ್ಪಿರಲಿಲ್ಲ. ಮತ್ತೇಕೆ ಸುದ್ದಿ ಮಾಡಬೇಕು?

ಮೂರನೆಯ ಜಾಕಿಗೆ ಆಚೆಯವಳು ಬಂದದ್ದು ಆಗ.

ಎರಡು ದೇಶಗಳ ರೈಲಿನವರ ನಡುವೆ ಒಂದು ಒಪ್ಪಂದವಿದೆ. ಆಚೆಯ ಶೆಡ್ಡಿನವರು ಕೆಲವರು ಆಗಾಗ ಒಂದು ತಿಂಗಳು ಇಲ್ಲಿಗೆ ಬಂದು ದುಡಿಯುತ್ತಾರೆ, ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ. ಮಾತು ಎರಡೂ ಕಡೆ ಒಂದೇ, ಸನ್ನೆಪಟವೂ ಒಂದೇ. ಬಂದವಳು ನಡುವಯಸ್ಸಿನ, ಗಿಡ್ಡನೆಯ, ಗಟ್ಟಿಮುಟ್ಟಾದ ಹೆಂಗಸು. ಮೊದಲ ದಿನ ಶೆಡ್ಡಿಗೆ ಕಾಲಿಟ್ಟವಳು ಯಾರನ್ನೂ ಮಾತಾಡಿಸದೆ ನೇರವಾಗಿ ಗೋಡೆಯ ಬಳಿ ಹೋಗಿ, ಧೂಳು ಒರೆಸಿ ಸನ್ನೆಪಟ ನೋಡಿದಳು.

"ಏನಮ್ಮ, ನಿಮ್ಮೂರಲ್ಲಿ ಇದು ಇಲ್ವಾ?" ಎಂದ ಉದ್ದಪ್ಪ.

"ಇದೆ ಅಣ್ಣ. ನಿಮ್ಮದೂ ಅದೇನಾ ಅಂತ ನೋಡ್ದೆ."

"ನಾವು ಅದನ್ನ ನೋಡಿ ಎಷ್ಟ್ ವರ್ಷ ಆಯ್ತೋ! ನಮಗೆ ಅಕ್ಕನೇ ಪಟ."

"ಪುಣ್ಯವಂತರು" ಎಂದಳು ಅವಳು, ವ್ಯಂಗ್ಯವೋ ಹೊಗಳಿಕೆಯೋ ಗೊತ್ತಾಗದ ಹಾಗೆ. ಮಾವ ಕಿಸಕ್ಕೆಂದ.

ಅಂದು ಮಧ್ಯಾಹ್ನದವರೆಗೆ ಅವಳನ್ನು ಗಾಲಿ ತೊಳೆಯುವ ಕಡೆ ಹಾಕಿದ್ದರು. ಸಂಜೆಯ ಹೊತ್ತಿಗೆ ಕಾಗದದ ಸುರುಳಿ ಹೊತ್ತ ರೈಲು ಬಂತು. ಒಂದೊಂದು ಸುರುಳಿಯೂ ಆಳಿನ ಎದೆಯೆತ್ತರ, ಅಡ್ಡಲಾಗಿ ಮಲಗಿಸಿ ಹಗ್ಗ ಬಿಗಿದದ್ದು. ಮೊದಲ ವ್ಯಾಗನ್ ನಿಂತಿತು. ಆಚೆಯವಳು ಮೂರನೆಯ ಹಿಡಿಕೆಯ ಮುಂದೆ, ಕಟ್ಟೆಯಿಂದ ಅತಿ ದೂರದ ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ನಿಂತಳು. ಮೋಟಾರುಗಳು ಗುಡುಗಿದವು. ಕೈಯಕ್ಕ ನಾಲ್ಕೂ ಜಾಕಿಗೆಂದು ಎಡಗೈಯ ನಾಲ್ಕೂ ಬೆರಳು ಬಿಡಿಸಿ, ಬಲಗೈಯನ್ನು ಎತ್ತಿದಳು.

ವ್ಯಾಗನ್ ಎದ್ದಿತು. ಎದ್ದದ್ದು ಮೂರು ಮೂಲೆ.

ಆಚೆಯವಳ ಮೂಲೆ ಕದಲಲಿಲ್ಲ. ಕಟ್ಟೆಯ ಮೇಲಿನಿಂದ ಕೈಯಕ್ಕನಿಗೆ ಕಂಡದ್ದು ವ್ಯಾಗನ್ನಿನ ತಲೆಯ ಗೆರೆ. ಸದಾ ಗೋಡೆಯ ಬಣ್ಣದ ಗೆರೆಗೆ ಸಮವಾಗಿರುತ್ತಿದ್ದದ್ದು ಅಂದು ಕತ್ತರಿಯ ಬಾಯಿಯ ಹಾಗೆ ಅದರಿಂದ ಬಿಚ್ಚಿಕೊಳ್ಳುತ್ತಿತ್ತು. ಅವಳು ಕೈಗಳನ್ನು ಅಡ್ಡ ಹಾಕಲು ಹೋದಳು. ಎಡಗೈ ಹೋಯಿತು, ಬಲಗೈ ಹೋಗಲಿಲ್ಲ. ಅಷ್ಟರಲ್ಲಿ ದೂರದ ಮೂಲೆಯಲ್ಲಿ ಎರಡು ಗಿಡ್ಡ ತೋಳುಗಳು ತಲೆಯ ಮೇಲೆ ಅಡ್ಡಲಾಗಿ ನಿಂತವು. ಉದ್ದಪ್ಪ, ಮಾವ, ಭಾವಮೈದುನ ಮೂವರೂ ಹಿಡಿಕೆ ಬಿಟ್ಟರು. ವ್ಯಾಗನ್ನಿನ ಒಳಗೆ ಒಂದು ಸುರುಳಿ ಹಗ್ಗಕ್ಕೆ ಒರಗಿ ಧಡ್ ಎಂದಿತು. ಹಗ್ಗ ತಡೆಯಿತು. ನಿಧಾನವಾಗಿ, ಒಂದೊಂದೇ ಜಾಕಿಯನ್ನು ಎಡಗೈಯಿಂದ ಕರೆದು, ಬಲಗೈಯನ್ನು ಪಕ್ಕಕ್ಕೆ ಚಾಚಿ, ಕೈಯಕ್ಕ ಮೂರು ಮೂಲೆಗಳನ್ನೂ ಕೆಳಗಿಳಿಸಿದಳು. ವ್ಯಾಗನ್ ತನ್ನ ಹಳೆಯ ಗಾಲಿಗಳ ಮೇಲೆ ಮತ್ತೆ ಕುಳಿತಿತು.

ಮೋಟಾರು ಆರಿದ ತಕ್ಷಣ ಬಾಯಿಗಳು ತೆರೆದವು.

"ಕಣ್ಣೆಲ್ಲಿಟ್ಟಿದ್ದೆ ತಾಯಿ?" ಉದ್ದಪ್ಪ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡೇ ಬಂದ. "ಎತ್ತು ಅಂದ್ರೆ ಎತ್ಬೇಕು. ಅದೂ ಗೊತ್ತಿಲ್ದೆ ಗಡಿ ದಾಟ್ಕೊಂಡು ಬಂದ್ಯಾ?"

"ಎತ್ತು ಅಂದಿದ್ರೆ ಎತ್ತುತ್ತಿದ್ದೆ ಅಣ್ಣ. ಅವ್ರು ತಡಿ ಅಂದ್ರು."

"ತಡಿ ಅಂದ್ರಂತೆ! ನಾವು ಮೂರು ಜನ ಕುರುಡರಾ?"

"ನೀವು ಮೂರು ಜನ ಏನು ನೋಡಿದ್ರೋ ನನಗೆ ಗೊತ್ತಿಲ್ಲ. ನಾನು ತಡಿ ನೋಡ್ದೆ, ತಡ್ದೆ. ಆಮೇಲೆ ವಾಲ್ತು, ನಿಲ್ಲಿಸ್ದೆ. ಇದರಲ್ಲಿ ಯಾವುದು ತಪ್ಪು ಹೇಳಿ."

ಕೈಯಕ್ಕ ಕಟ್ಟೆಯಿಂದ ಇಳಿದು ಬಂದಳು. ಅವಳಿಗೂ ಸಿಟ್ಟು ಬಂದಿತ್ತು. ಇಷ್ಟು ವರ್ಷದಲ್ಲಿ ತನ್ನ ಸನ್ನೆಯನ್ನು ಯಾರೂ ತಪ್ಪಾಗಿ ಓದಿರಲಿಲ್ಲ. ಆದರೂ ಜಗಳದ ನಡುವೆ ಅವಳಿಗೆ ಹೊಳೆದದ್ದು ಒಂದೇ ಪ್ರಶ್ನೆ.

"ನಾನು ಹೇಗೆ ಮಾಡ್ದೆ? ತೋರ್ಸು."

ಆಚೆಯವಳು ಎಡಗೈಯ ನಾಲ್ಕು ಬೆರಳು ಬಿಡಿಸಿದಳು. ಬಲಗೈಯ ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಎದೆಯವರೆಗೆ ತಂದು, ಬೆರಳುಗಳನ್ನು ಅರ್ಧ ಮಡಿಸಿ, ಮಣಿಕಟ್ಟನ್ನು ತುಸು ತಿರುಗಿಸಿದಳು.

"ಹಾಂ, ಅದೇ! ಅದು ಎತ್ತು!" ಎಂದ ಉದ್ದಪ್ಪ ಗೆದ್ದವನ ಹಾಗೆ.

"ಎತ್ತೇ" ಎಂದ ಮಾವ. ಭಾವಮೈದುನನೂ ಭಾವನ ಮಾತಿಗೆ ಹೂಂಗುಟ್ಟಿದ, ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ.

ಕೈಯಕ್ಕ ಗೋಡೆಯ ಕಡೆ ನೋಡಿದಳು. ಹೊಸದಾಗಿ ಧೂಳು ಒರೆಸಿದ ಪಟದಲ್ಲಿ ಎತ್ತು ಎಂಬ ಚಿತ್ರದ ಮನುಷ್ಯನ ಕೈ ತಲೆಯ ಮೇಲೆ, ಕಂಬದ ಹಾಗೆ ನಿಂತಿತ್ತು. ಅದರ ಪಕ್ಕದಲ್ಲೇ ತಡಿ ಎಂಬ ಚಿತ್ರ. ಮೊಣಕೈ ಪಕ್ಕೆಗೆ, ಮುಂಗೈ ಎದೆಗೆ. ಆಚೆಯವಳ ಮೈಯಲ್ಲಿ ತನ್ನ ಕೈಯನ್ನು ನೋಡಿದಾಗ, ಅದು ಯಾವ ಚಿತ್ರವನ್ನು ಹೋಲುತ್ತಿತ್ತು ಎಂಬುದರಲ್ಲಿ ಸಂಶಯಕ್ಕೆ ಜಾಗವೇ ಇರಲಿಲ್ಲ. ಪೂರ್ತಿ ಅಲ್ಲದಿದ್ದರೂ ಎತ್ತು ಎಂದು ಗುರುತಾಗುವಷ್ಟು ಕೈ ಮೇಲೆ ಹೋಗುತ್ತಿದೆ ಎಂದೇ ಅವಳು ನಂಬಿದ್ದಳು. ಹೆಗಲು ದಿನಕ್ಕೆ ಕೂದಲೆಳೆಯಷ್ಟು ಇಳಿದಿತ್ತು. ಅದು ಇಳಿದಷ್ಟೂ ಜಾಕಿಯವರ ಕಣ್ಣುಗಳೂ ಇಳಿದು ಒಗ್ಗಿಕೊಂಡಿದ್ದವು. ಯಾರಿಗೂ ತಿಳಿಯದ ಹಾಗೆ, ಹಲ್ಲು ನೋವಿನವನೂ ಸೇರಿ ಈ ಐದು ಜನರ ನಡುವೆ ಒಂದು ಗುಟ್ಟಿನ ಭಾಷೆ ಬೆಳೆದಿತ್ತು. ಹೊರಗಿನವಳು ಓದಿದ್ದು ಪಟದ ಭಾಷೆ.

ಅಷ್ಟರಲ್ಲಿ ಶೆಡ್ ಮೇಸ್ತ್ರಿ ಬಂದರು. ಒಳ್ಳೆಯ ಮನುಷ್ಯ, ಆದರೆ ರೈಲು ತಡವಾದರೆ ಕೈಕಾಲು ಆಡದವರು. ಉದ್ದಪ್ಪ ಹೇಳಿದ್ದನ್ನು ಕೇಳಿ, ಆಚೆಯವಳನ್ನು ಮೇಲಿಂದ ಕೆಳಗೆ ನೋಡಿದರು.

"ಸರಿ. ಇವತ್ತಿಗೆ ಸಾಕು, ಕತ್ತಲಾಗ್ತಾ ಬಂತು, ಆ ಹಗ್ಗಾನೂ ಬಿಗೀಬೇಕು. ನಾಳೆ ಬೆಳಿಗ್ಗೆ ಮೂರನೇದಕ್ಕೆ ಬೇರೆಯವ್ರನ್ನ ಹಾಕೋಣ, ನಮ್ಮೋರೇ ಯಾರನ್ನಾದ್ರೂ. ಈಯಮ್ಮನ್ನ ವಾಪಸ್ ಕಳಿಸ್ತೀನಿ. ಸನ್ನೆ ಬರಲ್ಲ ಅಂತ ಹೇಳಿದ್ರಾಯ್ತು."

ಆಚೆಯವಳ ಮುಖ ಗಟ್ಟಿಯಾಯಿತು. "ಸಾರ್, ನನಗೆ ಸನ್ನೆ ಬರಲ್ಲ ಅಂತ ಹೋದ್ರೆ ಅಲ್ಲೂ ಹಿಡಿಕೆ ಮುಟ್ಟಿಸಲ್ಲ. ನಾನು ಗಾಲಿ ತೊಳ್ಕೊಂಡೇ ಇರ್ಬೇಕು ಆಮೇಲೆ."

"ನಾಳೆ ಬೆಳಿಗ್ಗೆ ಮಾತಾಡೋಣ ಮೇಸ್ತ್ರಿಗಳೇ" ಎಂದಳು ಕೈಯಕ್ಕ. ಅಷ್ಟೇ ಅವಳ ಬಾಯಿಂದ ಬಂದದ್ದು. ಆಚೆಯವಳು ಅವಳನ್ನೇ ನೋಡುತ್ತಿದ್ದಳು. ಆ ನೋಟವನ್ನು ಬೆನ್ನಿಗೆ ಹಾಕಿಕೊಂಡೇ ಅವಳು ಮನೆಗೆ ಬಂದಳು.

ಮನೆಯೆಂದರೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೊದಲ ಮಹಡಿಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ. ಕಿಟಕಿಯ ಪಕ್ಕದ ಮಂಚ ಅತ್ತೆಯದು. ಬೀದಿಯಲ್ಲಿ ಹೋಗುವವರ ವಿಚಾರವೆಲ್ಲ ಅಲ್ಲಿಂದಲೇ ಇತ್ಯರ್ಥ.

"ಮುಖ ಯಾಕೆ ಹಾಗಿದೆ?" ಎಂದರು ಅತ್ತೆ. "ರೈಲು ಕಳ್ಕೊಂಡ್ಯಾ?"

"ಇಲ್ಲ ಅತ್ತೆ, ರೈಲು ಇದೆ."

ಅವಳು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಲೋಟಕ್ಕೆ ಕೈ ಹಾಕಿದಳು, ಸಿಕ್ಕಿತು. ಸಕ್ಕರೆ ಡಬ್ಬಿಗೆ ಕೈ ಹಾಕಿದಳು, ಸಿಕ್ಕಿತು. ಆಗ ಅವಳ ಕೈ ನಿಂತಿತು. ಡಬ್ಬಿಗಳ ಜಾಗ ಒಲೆಯ ಮೇಲಿನ ಎತ್ತರದ ಹಲಗೆ. ಅವು ಈಗ ಒಲೆಯ ಪಕ್ಕದಲ್ಲಿದ್ದವು. ತಲೆಯೆತ್ತಿ ನೋಡಿದಳು. ಮೇಲಿನ ಹಲಗೆಯಲ್ಲಿ ಒಂದು ಮುರಿದ ಛತ್ರಿ, ಖಾಲಿ ಡಬ್ಬ, ಬೇರೇನೂ ಇಲ್ಲ. ಬಟ್ಟೆ ಒಣಗಿಸುವ ಹಗ್ಗ ನೋಡಿದಳು. ಅದೂ ಕೆಳಗಿತ್ತು, ಒದ್ದೆ ಸೀರೆಯ ಅಂಚು ನೆಲ ಮುಟ್ಟುತ್ತಿತ್ತು. ಮೈಮೇಲಿನ ಕೆಲಸದ ಅಂಗಿಯನ್ನು ಮುಟ್ಟಿ ನೋಡಿದಳು. ತಲೆಯಿಂದ ತೊಡುವ ಅಂಗಿಗೆ ಪಕ್ಕದಲ್ಲಿ ಗುಂಡಿಗಳು ಬಂದಿದ್ದವು, ತೋಳಿನ ಕೆಳಗೆ ಒಂದು ಹೆಚ್ಚಿನ ಪಟ್ಟಿ ಸೇರಿತ್ತು. ಹೊಲಿಗೆ ಎಷ್ಟು ನವಿರಾಗಿತ್ತೆಂದರೆ ದಿನಾ ತೊಟ್ಟರೂ ಅವಳಿಗೆ ಅದು ಯಾವಾಗ ಆಯಿತೆಂದು ತಿಳಿಯಲಿಲ್ಲ.

"ರೀ" ಎಂದಳು, "ಇದೆಲ್ಲ ಯಾವಾಗಿಂದ?"

ಗಂಡ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ. "ಯಾವುದು?"

"ಡಬ್ಬಿ, ಹಗ್ಗ, ಅಂಗಿ."

"ಓ ಅದಾ. ನಿನಗೆ ಕೈ ಸಿಗ್ತಿರ್ಲಿಲ್ಲ, ನೋಡ್ದೆ. ಕೇಳಿದ್ರೆ ಏನಿಲ್ಲ ಅಂತೀಯ. ಅದಕ್ಕೇ ಕೇಳ್ಲಿಲ್ಲ."

"ನನಗೇನು ಬೇಜಾರಿಲ್ಲಮ್ಮ" ಎಂದರು ಅತ್ತೆ ಮಂಚದಿಂದ. "ಇವನು ಎಲ್ಲಾನೂ ಕೆಳಗಿಳಿಸಿದ ಮೇಲೆ ನನಗೂ ಸಕ್ಕರೆ ಡಬ್ಬಿ ಸಿಗ್ತಿದೆ. ಇಷ್ಟ್ ದಿನ ಸಕ್ಕರೆ ಬೇಡ ಅಂದ ಡಾಕ್ಟರಿಗಿಂತ ಆ ಹಲಗೆಗೇ ಹೆದರ್ತಿದ್ದೆ."

ಕೈಯಕ್ಕನಿಗೆ ನಗು ಬಂತು. ನಗುತ್ತಲೇ ಒಲೆಯ ಮುಂದೆ ಕೂತಳು. ಅವಳಿಗೆ ಈಗ ಎಲ್ಲ ಸ್ಪಷ್ಟವಾಗಿತ್ತು. ಮನೆಯಲ್ಲಿ ಗಂಡ ಮಾಡಿದ್ದನ್ನೇ ಶೆಡ್ಡಿನಲ್ಲಿ ಆ ಮೂವರು ಮಾಡಿದ್ದರು, ತಿಳಿದೋ ತಿಳಿಯದೆಯೋ. ಅವಳ ಹೆಗಲಿನ ಎತ್ತರಕ್ಕೆ ಎಲ್ಲವನ್ನೂ ಇಳಿಸಿಕೊಂಡಿದ್ದರು. ಪ್ರೀತಿಯಿಂದಲೇ. ಮನೆಯಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ, ಅತ್ತೆಗೆ ಲಾಭ ಕೂಡ. ಆದರೆ ಶೆಡ್ ಎಂದರೆ ಪರಸ್ಥಳದವರ ಸರಕು ಪರಸ್ಥಳದವರ ಕೈಗೆ ದಾಟುವ ಜಾಗ. ಅಲ್ಲಿ ಸನ್ನೆ ಪರಿಚಯದವರಿಗೆ ಮಾತ್ರ ತಿಳಿದರೆ ಅದು ಸನ್ನೆಯೇ ಅಲ್ಲ.

"ನಾಳೆ ಶೆಡ್ಡಲ್ಲಿ ಹೇಳ್ಬಿಡ್ತೀನಿ" ಎಂದಳು ಗಂಡನಿಗೆ. "ಕಟ್ಟೆಯಿಂದ ಇಳೀತೀನಿ."

ಅವನು ಆಗ ತಲೆ ಎತ್ತಿದ. "ಮೇಸ್ತ್ರಿ ಇಳೀರಿ ಅಂದ್ರಾ?"

"ಇಲ್ಲ. ಅವ್ರು ಆಚೆಯವಳನ್ನ ಕಳಿಸ್ತೀನಿ ಅಂತಿದ್ದಾರೆ. ತಪ್ಪು ಅವಳದಲ್ಲ."

"ಬೇಜಾರಾಗಲ್ವಾ ನಿನಗೆ?"

"ಆಗತ್ತೆ" ಎಂದಳು. "ಆ ಕಟ್ಟೆ ಮೇಲೆ ನಿಂತಾಗ ನಾನು ಚೆನ್ನಾಗಿರ್ತೀನಿ ಕಣ್ರೀ. ಆದ್ರೆ ಇವತ್ತು ನಿಲ್ಲಿಸೋ ಸನ್ನೆ ಕೊಡೋಕೆ ಹೋದೆ, ಕೈ ಮೇಲೆ ಹೋಗ್ಲಿಲ್ಲ. ಅವಳು ಕೊಟ್ಟಳು. ಅವಳಿಲ್ಲದೆ ಹೋಗಿದ್ರೆ?"

ಗಂಡ ಎದ್ದು ಬಂದು ಚಹಾ ಸೋಸಿದ, ಮೂರು ಲೋಟಕ್ಕೆ. ಒಂದರಲ್ಲಿ ಸಕ್ಕರೆ ಹಾಕಲಿಲ್ಲ. "ನನ್ನ ಲೋಟಕ್ಕೆ ಕಣ್ಣು ಬಿತ್ತು ನೋಡು" ಎಂದು ಅತ್ತೆ ಗೊಣಗಿದರು.

ಬೆಳಿಗ್ಗೆ ಶೆಡ್ಡಿಗೆ ಹೋದಾಗ ಆಚೆಯವಳು ಚೀಲ ಕಟ್ಟಿಕೊಂಡು ಬಾಗಿಲ ಬಳಿ ಕೂತಿದ್ದಳು. ಎದುರು ಹಳಿಯಲ್ಲಿ ಅವಳನ್ನು ಕರೆದೊಯ್ಯಬೇಕಾದ ಆಚೆಯ ಇಂಜಿನ್ ಆಗಲೇ ಬಂದು, ಕಾಗದದ ವ್ಯಾಗನ್ನುಗಳಿಗಾಗಿ ಕಾಯುತ್ತಿತ್ತು.

"ಚೀಲ ಇಡು" ಎಂದಳು ಕೈಯಕ್ಕ. "ಮೂರನೇ ಹಿಡಿಕೆ ಹತ್ರ ಹೋಗು."

"ಮೇಸ್ತ್ರಿಗಳು ಬೇಡ ಅಂದಿದ್ದಾರಲ್ಲಕ್ಕ."

"ಅವ್ರಿಗೆ ನಾನು ಹೇಳ್ತೀನಿ."

ಎಲ್ಲರೂ ಕೂಡಿದ ಮೇಲೆ ಅವಳು ಹೇಳಿದಳು. ಹೆಚ್ಚು ಮಾತು ಬೆಳೆಸಲಿಲ್ಲ. ಪಟದ ಮುಂದೆ ನಿಂತು ಬಲಗೈಯನ್ನು ಎಷ್ಟು ಆಗುತ್ತದೋ ಅಷ್ಟು ಎತ್ತಿ ತೋರಿಸಿದಳು. ಎದೆಯವರೆಗೆ ಬಂದು ಕೈ ನಿಂತಿತು. ಬೆವರು ಒಡೆಯಿತು, ಕೈ ಮಾತ್ರ ಅಲ್ಲಿಂದ ಏರಲಿಲ್ಲ.

"ಇಷ್ಟೇ ಹೋಗೋದು. ನಿನ್ನೆ ಇವಳು ತಡಿ ಅಂತ ಓದಿದ್ದು ಸರಿ. ನೀವು ಎತ್ತು ಅಂತ ಓದಿದ್ದು ನನ್ನ ಮುಖ ನೋಡಿ."

"ಹಾಗಾದ್ರೆ ಏನೀಗ?" ಎಂದರು ಮೇಸ್ತ್ರಿ, ಇಂಜಿನ್ ಕಡೆ ಒಂದು ಕಣ್ಣಿಟ್ಟುಕೊಂಡೇ. "ನಿಮ್ಮ ಸನ್ನೆ ನಮ್ಮೋರಿಗೆ ಅರ್ಥ ಆಗತ್ತಲ್ಲ. ಮೂರನೇದಕ್ಕೆ ನಮ್ಮೋನನ್ನ ಹಾಕಿದ್ರೆ ಮುಗೀತು. ಯಾಕೆ ಇಲ್ಲದ ರಗಳೆ?"

"ಎಡಗೈಲಿ ಮಾಡು ಅಕ್ಕ" ಎಂದ ಮಾವ.

"ಎಡಗೈ ಯಾವ ಜಾಕಿ ಅಂತ ಹೇಳ್ಬೇಕು ಮಾವ. ಅದಕ್ಕೂ ಕೆಲ್ಸ ಇದೆ. ಮೇಸ್ತ್ರಿಗಳೇ, ನಮ್ಮೋರಿಗೆ ಅರ್ಥ ಆಗೋದೇ ತೊಂದರೆ. ಹಲ್ಲು ನೋವಿನೋನು ಬಂದ್ರೂ ನಾಳೆ ಇನ್ನೊಬ್ಬರಿಗೆ ಕಾಲು ನೋವು ಬರತ್ತೆ. ಹೊಸಬರು ಬಂದೇ ಬರ್ತಾರೆ. ಇನ್ನೊಂದು ವಿಷಯ. ನಿನ್ನೆ ನಿಲ್ಲಿಸೋ ಸನ್ನೆ ಕೊಡೋಕೂ ನನ್ನಿಂದ ಆಗ್ಲಿಲ್ಲ. ನಾನು ಇಳಿದು ಒಂದು ಹಿಡಿಕೆ ಹಿಡೀತೀನಿ, ಅದು ಸೊಂಟದ ಮಟ್ಟ, ಕೈಗೆ ಏನೂ ಆಗಲ್ಲ. ಉದ್ದಪ್ಪ ಕಟ್ಟೆ ಹತ್ತಲಿ."

ಉದ್ದಪ್ಪ ಗಾಬರಿಯಾದ. "ನಾನಾ? ನಾನೇನ್ ಪಾಪ ಮಾಡಿದ್ದೆ?"

"ಉದ್ದ ಇದ್ದೀಯಲ್ಲ, ಅದೇ ಪಾಪ. ನಿನ್ನ ಕೈ ಊರಾಚೆಗೂ ಕಾಣತ್ತೆ. ಸನ್ನೆ ಪರೀಕ್ಷೆ ಪಾಸಾಗಿದ್ದೀಯ, ನನಗೇ ಗೊತ್ತು."

"ಅದು ಯಾವ ಕಾಲದ ಮಾತಕ್ಕ! ನನ್ನ ಭಾವಮೈದುನ ನನ್ನ ಮಾತು ಕೇಳ್ತಾನಾ?"

ಭಾವಮೈದುನ ಮಾವನಿಗೆ ಹೇಳಿದ: "ಮಾತು ಕೇಳಲ್ಲ ಅಂತ ಹೇಳಿ ಮಾವ. ಕೈ ನೋಡ್ತೀನಿ."

ಎಲ್ಲರೂ ನಕ್ಕರು, ಮೇಸ್ತ್ರಿ ಕೂಡ. ಉದ್ದಪ್ಪ ತಲೆ ಬಗ್ಗಿಸಿಕೊಂಡು, ಬಗ್ಗುವ ಅಗತ್ಯವೇ ಇಲ್ಲದ ಮೆಟ್ಟಿಲುಗಳನ್ನು ಏರಿದ. ಕೈಯಕ್ಕ ಅವನ ಜಾಗದಲ್ಲಿ ಮೊದಲ ಜಾಕಿಯ ಮುಂದೆ ನಿಂತು ಹಿಡಿಕೆ ಹಿಡಿದಳು. ಹೆಗಲು ಏನೂ ತಕರಾರು ಮಾಡಲಿಲ್ಲ. ಕೆಳಗಿನಿಂದ ಕಟ್ಟೆ ಅವಳೆಣಿಸಿದ್ದಕ್ಕಿಂತ ಎತ್ತರವಾಗಿ ಕಂಡಿತು.

ಮೋಟಾರುಗಳು ಗುಡುಗಿದವು. ಉದ್ದಪ್ಪ ಎಡಗೈಯ ನಾಲ್ಕು ಬೆರಳು ಬಿಡಿಸಿದ. ಆಮೇಲೆ ಬಲಗೈಯನ್ನು, ಮೊಣಕೈ ಪಕ್ಕೆಗೆ ಒತ್ತಿ, ಮುಂಗೈ ಎದೆಯವರೆಗೆ ತಂದು, ಮಣಿಕಟ್ಟು ತಿರುಗಿಸಿದ.

ಅವನು ಅಣಕಿಸುತ್ತಿರಲಿಲ್ಲ. ಅವನ ಹೆಗಲಿಗೆ ಏನೂ ಆಗಿರಲಿಲ್ಲ. ಎತ್ತು ಎಂದರೆ ಅವನ ಕಣ್ಣಿಗೆ ಅಭ್ಯಾಸವಾಗಿದ್ದದ್ದು ಅದು. ಅದನ್ನೇ ಅವನ ಕೈ ಮಾಡಿತ್ತು.

ಅವನು ಏನು ಹೇಳುತ್ತಿದ್ದಾನೆಂದು ಕೈಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಜಗತ್ತಿನಲ್ಲಿ ಅವಳಷ್ಟು ಚೆನ್ನಾಗಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಹಿಡಿಕೆ ಅವಳ ಅಂಗೈಯಲ್ಲೇ ಇತ್ತು. ಮೇಲೆ ತಳ್ಳಿದ್ದರೆ ವ್ಯಾಗನ್ ಏಳುತ್ತಿತ್ತು, ಕಾಯುತ್ತಿದ್ದ ಇಂಜಿನ್ ಹೊರಡುತ್ತಿತ್ತು, ಮೇಸ್ತ್ರಿಯ ಹುಬ್ಬು ಇಳಿಯುತ್ತಿತ್ತು. ಅವಳು ತಳ್ಳಲಿಲ್ಲ. ಮಾವನ ಕೈ ಅರೆಕ್ಷಣ ಅಲುಗಿ, ಅವಳನ್ನು ನೋಡಿ ನಿಂತಿತು. ಭಾವಮೈದುನ ಒಮ್ಮೆ ಮೇಲೆ ತಳ್ಳಿ, ಸುತ್ತ ನೋಡಿ, ಸುಟ್ಟವನ ಹಾಗೆ ಬಿಟ್ಟ. ದೂರದ ಮೂಲೆಯಲ್ಲಿ ಆಚೆಯವಳು ಗೊಂಬೆಯ ಹಾಗೆ ನಿಂತಿದ್ದಳು, ಕಣ್ಣು ಕಟ್ಟೆಯ ಮೇಲೆ.

ಉದ್ದಪ್ಪ ಇನ್ನೊಮ್ಮೆ ಅದನ್ನೇ ಮಾಡಿದ, ತುಸು ಜೋರಾಗಿ. ಯಾರೂ ಕದಲಲಿಲ್ಲ. ಅವನು ಕೈಯಕ್ಕನನ್ನು ಗುರುಗುಟ್ಟಿ ನೋಡಿದ. ಬಾಯಿ ಆಡುತ್ತಿತ್ತು, ಗದ್ದಲದಲ್ಲಿ ಏನೂ ಕೇಳಿಸದಿದ್ದದ್ದು ಒಳ್ಳೆಯದೇ ಆಯಿತು. ಅವಳು ಅವನನ್ನೇ ನೋಡುತ್ತ, ಮುಖದಲ್ಲಿ ಏನನ್ನೂ ತೋರಿಸದೆ ಕಾದಳು. ಗುರುತೇ ಇಲ್ಲದ ಮನುಷ್ಯನೊಬ್ಬ ಎದುರಿಗೆ ನಿಂತಿದ್ದಾನೆ ಎಂಬ ಹಾಗೆ.

ಆಗ ಅವನಿಗೆ ತಿಳಿಯಿತು. ತನ್ನ ಬಲಗೈಯನ್ನು ತಾನೇ ಒಮ್ಮೆ ತಿರುಗಿಸಿ ನೋಡಿಕೊಂಡ. ಬೆನ್ನು ನೆಟ್ಟಗೆ ಮಾಡಿದ. ಆ ಉದ್ದನೆಯ ತೋಳು ಏರಿತು, ಹೆಗಲು ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಹೋಗಿ ನಿಂತಿತು, ಅಂಗೈ ಬಿಚ್ಚಿ ತಿರುಗಿತು. ನಾಲ್ಕು ಹಿಡಿಕೆಗಳು ಒಂದೇ ಸಲ ಮೇಲಾದವು. ಕಾಗದದ ವ್ಯಾಗನ್ ಗೋಡೆಯ ಗೆರೆಗೆ ಸಮವಾಗಿ, ತುಳುಕದೆ, ಏರಿತು.

ಮೊದಲ ವ್ಯಾಗನ್ನಿನ ಗೂಟಗಳು ಕುಳಿಗೆ ಕೂತ ಮೇಲೆ ಮುಂದಿನದನ್ನು ಎಳೆದು ತರುವವರೆಗೆ ಒಂದಿಷ್ಟು ಬಿಡುವು. ಆಚೆಯವಳು ಬಂದು ಕೈಯಕ್ಕನ ಪಕ್ಕದಲ್ಲಿ ನಿಂತಳು.

"ಅಕ್ಕ, ನಿನ್ನೆ ರಾತ್ರಿಯೆಲ್ಲ ನಿಮ್ಮನ್ನ ಬೈಕೊಂಡೆ."

"ಸರಿಯಾಗೇ ಮಾಡಿದ್ದೀಯ. ನಿನ್ನೆಯೇ ಹೇಳ್ಬೇಕಿತ್ತು ನಾನು."

"ಕೈ ಸರಿ ಹೋದ ಮೇಲೆ ಮತ್ತೆ ಹತ್ತೀರಾ?"

"ಹತ್ತದೆ ಬಿಡ್ತೀನಾ! ಆದ್ರೆ ಅವತ್ತು ನೀನು ಆ ಕಡೆಯಿಂದ ಬರ್ಬೇಕು. ಆ ಮೂಲೇಲಿ ನಿಂತ್ಕೊಂಡು ನನ್ನ ಸನ್ನೆ ನೋಡ್ಬೇಕು. ನೀನು 'ಎತ್ತು' ಅಂತ ಓದಿದ್ರೆ ಹತ್ತಿದ ಹಾಗೆ. ಇವರು ಯಾರು ಹೇಳಿದ್ರೂ ನಂಬಲ್ಲ, ಇವರು ಮುಖ ನೋಡಿ ಹೇಳೋರು."

"ಬರ್ತೀನಿ" ಎಂದಳು ಆಚೆಯವಳು. "ತಡಿ ಅಂತ ಕಂಡ್ರೆ ತಡಿ ಅಂತಲೇ ಹೇಳ್ತೀನಿ, ಆಮೇಲೆ ಬೇಜಾರಾಗ್ಬಾರ್ದು."

ಉದ್ದಪ್ಪ ಕಟ್ಟೆಯಿಂದ ಇಳಿದು, ಬಲ ಹೆಗಲನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ ಬಂದ. "ನೀನು ದೊಡ್ಡೋಳು ಬಿಡಕ್ಕ. ಬೇಕು ಅಂತಲೇ ನನ್ನ ಅಲ್ಲಿ ನಿಲ್ಲಿಸಿ ಆಟ ಆಡ್ಸಿದೆ. ದಿನಾ ಹೀಗೆ ಎತ್ತಿದ್ರೆ ನನ್ನ ಹೆಗಲೂ ಹೋಗತ್ತೆ ಅಷ್ಟೇ."

"ಹೋದ ದಿನ ಹೇಳು, ಮುಚ್ಚಿಡ್ಬೇಡ" ಎಂದಳು ಕೈಯಕ್ಕ. "ಹೇಳ್ದೆ ಇದ್ರೂ ನಾನು ಕೆಳಗಿನಿಂದ ನೋಡ್ತಾನೇ ಇರ್ತೀನಿ. ಈಗ ಹತ್ತು, ಮುಂದಿನ ವ್ಯಾಗನ್ ಬಂತು. ಈ ಸಲ ಬೆರಳು ಪೂರ್ತಿ ಬಿಚ್ಚು, ಆ ಮೂಲೆಗೆ ಕಾಣ್ಬೇಕು."

ಉದ್ದಪ್ಪ ಗೊಣಗುತ್ತಲೇ ಮೆಟ್ಟಿಲು ಹತ್ತಿದ. ಕೈಯಕ್ಕ ಹಿಡಿಕೆ ಹಿಡಿದು, ಕಣ್ಣನ್ನು ಅವನ ಕೈಗೆ ನೆಟ್ಟಳು.